ರಸ್ತೆಗಿಳಿದ ದೋಣಿ

ಅಂಬಿಗನೂ ಅವನ ತಮ್ಮನೂ ಮಾತು ಬಿಟ್ಟು ಎಷ್ಟೋ ಕಾಲವಾಗಿತ್ತು. ಹಾಗಂತ ಅವರಿಬ್ಬರ ನಡುವೆ ಮಾತೇ ನಡೆಯುತ್ತಿರಲಿಲ್ಲ ಎಂದಲ್ಲ, ಧಾರಾಳವಾಗಿ ನಡೆಯುತ್ತಿತ್ತು. ಆದರೆ ಅದಷ್ಟೂ ಅಂಬಿಗನ ಹೆಂಡತಿಯ ಮೂಲಕವೇ ದಾಟಬೇಕಿತ್ತು. ಅಣ್ಣ ಇವಳತ್ತ ನೋಡಿ "ಅವನಿಗೆ ಹೇಳು" ಎನ್ನುವುದು, ತಮ್ಮನೂ ಇವಳತ್ತಲೇ ನೋಡಿ "ಅಣ್ಣನಿಗೆ ಹೇಳಿ ಅತ್ತಿಗೆ" ಎನ್ನುವುದು, ಇಬ್ಬರ ಕಿವಿಯೂ ನೆಟ್ಟಗೇ ಇರುವಾಗ ಆಕೆ ನಡುವೆ ನಿಂತು ಕೇಳಿದ್ದನ್ನೇ ಮತ್ತೊಮ್ಮೆ ಹೇಳುವುದು. ಮೊದಮೊದಲು ನಿಯತ್ತಾಗಿ ದಾಟಿಸುತ್ತಿದ್ದಳು. ಆಮೇಲೆ ಬೇಸರ ಹತ್ತಿ, ತನಗೆ ಬೇಕಾದ ಒಗ್ಗರಣೆಯನ್ನೂ ಸೇರಿಸತೊಡಗಿದಳು.

ಜಗಳ ಹುಟ್ಟಿದ್ದು ಸೇತುವೆಯಿಂದ. ಹೊಳೆಗೆ ಸೇತುವೆ ಆಗುತ್ತದಂತೆ ಎಂಬ ಸುದ್ದಿ ಬಂದಾಗ ಅಂಬಿಗನಿಗೆ ಸಿಟ್ಟೇನೂ ಬರಲಿಲ್ಲ. ಕಾಲ ಬಂದರೆ ಯಾರು ತಡೆಯುತ್ತಾರೆ ಎಂದುಕೊಂಡು ಸುಮ್ಮನಾದ. ಸಿಟ್ಟು ಬಂದದ್ದು, ಸೇತುವೆಯ ಮೊದಲ ಕಬ್ಬಿಣ ಹೇರಿಕೊಂಡು ದಡಕ್ಕೆ ಬಂದ ದೊಡ್ಡ ಪಿಕಪ್‌ನಿಂದ ಸ್ವಂತ ತಮ್ಮನೇ ಕೆಳಗಿಳಿದಾಗ. ತಮ್ಮ ನೀರೆಂದರೆ ಹೆದರಿ ಚಿಕ್ಕಂದಿನಲ್ಲೇ ಗಾಡಿ ಚಕ್ರದ ಕಡೆ ಓಡಿಹೋದವನು. ಅದನ್ನು ಅಣ್ಣ ಹೊಟ್ಟೆಗೆ ಹಾಕಿಕೊಂಡಿದ್ದ. ಆದರೆ ಇದನ್ನು ಹಾಕಿಕೊಳ್ಳಲಾಗಲಿಲ್ಲ. "ನಮ್ಮ ಅನ್ನಕ್ಕೆ ಕಲ್ಲು ಹಾಕೋಕೆ ಬೇರೆ ಯಾರ ಗಾಡಿನೂ ಸಿಗಲಿಲ್ವೇನೋ?" ಎಂದು ಕೇಳಿದ್ದೇ ಕೊನೆ. ತಮ್ಮ ಕಬ್ಬಿಣ ಇಳಿಸಿ ಹೋದ. ಅಲ್ಲಿಂದ ಆಚೆ ಎಲ್ಲ ಅತ್ತಿಗೆಯ ಮೂಲಕ.

ಸೇತುವೆ ಮುಗಿಯಿತು. ದೋಣಿ ದಡದಲ್ಲಿ ಕಟ್ಟಿಸಿಕೊಂಡು ನಿಂತಿತು. ಇಪ್ಪತ್ತು ಜನರನ್ನು ಹೊರುತ್ತಿದ್ದ ಮರದ ದೋಣಿ ಅದು. ಹೀಗಿರುವಾಗ ಬೆಟ್ಟದಾಚೆಯ ದೊಡ್ಡ ಸರೋವರದಿಂದ ಕರೆ ಬಂತು. ಅಲ್ಲಿ ಆಚೆ ದಡದಲ್ಲಿ ಒಂದು ಆಸ್ಪತ್ರೆಯಿದೆ, ದಾಟಿಸುತ್ತಿದ್ದ ಮುದುಕನಿಗೆ ಕೈಲಾಗುತ್ತಿಲ್ಲ, ದೋಣಿಯ ಸಮೇತ ಬರುವುದಾದರೆ ಕೆಲಸ ನಿಮ್ಮದು, ದೋಣಿ ಇಲ್ಲದಿದ್ದರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ. ಅಂಬಿಗನಿಗೆ ಬೇರೆ ಕಸುಬು ಗೊತ್ತಿಲ್ಲ, ಬೇರೆ ದೋಣಿಯೂ ಇಲ್ಲ. ಹೊಳೆಗೂ ಸರೋವರಕ್ಕೂ ನಡುವೆ ಇದ್ದದ್ದು ರಸ್ತೆ ಮಾತ್ರ. ಆ ರಸ್ತೆಯಲ್ಲಿ ಅಂಥ ದೋಣಿಯನ್ನು ಎಳೆಯಬಲ್ಲ ಗಾಡಿ ಅವರಿಗೆ ಗೊತ್ತಿದ್ದ ಮಟ್ಟಿಗೆ ಒಂದೇ.

"ನಾನಂತೂ ಅವನ್ನ ಕೇಳಲ್ಲ," ಎಂದ ಅಂಬಿಗ.

"ನೀವು ಯಾವಾಗ ಕೇಳಿದ್ರಿ? ಕೇಳೋದೆಲ್ಲ ನಾನೇ ತಾನೆ," ಎಂದಳು ಹೆಂಡತಿ. ಆಗಲೇ ಫೋನು ಅವಳ ಕಿವಿಯಲ್ಲಿತ್ತು.

ತಮ್ಮ ಬೆಳಗಾಗುತ್ತಲೇ ಬಂದ. ಹಿಂದೆ ಜೋಡಿ ಜೋಡಿ ಚಕ್ರಗಳಿದ್ದ ಆ ಪಿಕಪ್ ದಡದ ಇಳಿಜಾರಿನಲ್ಲಿ ಹಿಂದಕ್ಕೆ ಬರುತ್ತಿದ್ದರೆ ನೆಲವೇ ಸಣ್ಣಗೆ ಗುನುಗುತ್ತಿತ್ತು. ಅದರ ಹಿಂದೆ ಉದ್ದನೆಯ ಟ್ರೇಲರ್. ಹಗ್ಗ, ರಾಟೆ, ಊರವರ ಹೆಗಲು ಎಲ್ಲ ಸೇರಿ ದೋಣಿಯನ್ನು ನೀರಿನಿಂದ ಮೇಲೆಳೆದು ಅದರ ಮೇಲೆ ಕೂರಿಸಿದವು. ಅಂಬಿಗ ತನ್ನ ದೋಣಿಯ ಹೊಟ್ಟೆಯನ್ನು ಇಷ್ಟು ಪೂರ್ತಿಯಾಗಿ ನೋಡಿದ್ದು ಅಪರೂಪ. ಪಾಚಿ ಹತ್ತಿ ಹಸಿರಾಗಿ, ನೀರು ತೊಟ್ಟಿಕ್ಕುತ್ತಾ, ಅದು ನಿದ್ದೆಯಿಂದ ಎಬ್ಬಿಸಿದ ಹಸುವಿನ ಹಾಗೆ ಬೆಪ್ಪಾಗಿ ನಿಂತಿತ್ತು.

ಸಾಮಾನು ತುಂಬುವಾಗಲೇ ಮೊದಲ ತಕರಾರು ಎದ್ದಿತು. ಅಂಬಿಗ ಕಬ್ಬಿಣದ ಟ್ರಂಕು, ಲಂಗರು, ಒಲೆ, ಹಾಸಿಗೆ ಸುರುಳಿ ಎಲ್ಲವನ್ನೂ ದೋಣಿಯ ಹಿಂತುದಿಗೆ ಒಟ್ಟಿದ. ದೋಣಿಯವರ ಪದ್ಧತಿಯೇ ಹಾಗೆ. ಭಾರ ಹಿಂದಿರಬೇಕು, ಮೂತಿ ಹಗುರಾಗಿ ಮೇಲಿರಬೇಕು, ಆಗ ದೋಣಿ ಅಲೆಯನ್ನು ಹತ್ತಿಕೊಂಡು ಹೋಗುತ್ತದೆ. ತಮ್ಮ ಬಂದು ನೋಡಿ, ತಲೆ ಕೆರೆದುಕೊಂಡು, ಒಂದೊಂದನ್ನೇ ಮುಂದಕ್ಕೆ ಸಾಗಿಸತೊಡಗಿದ.

"ಅವನಿಗೆ ಹೇಳು," ಎಂದ ಅಂಬಿಗ, "ಮೂತಿ ಕೆಳಗಿಟ್ಕೊಂಡು ಹೋಗೋದು ಎಮ್ಮೆ, ದೋಣಿ ಅಲ್ಲ ಅಂತ."

"ಅಣ್ಣನಿಗೆ ಹೇಳಿ ಅತ್ತಿಗೆ. ನೀರಲ್ಲಿ ಅವನು ಹೇಳಿದ್ದೇ ಸರಿ. ರಸ್ತೇಲಿ ಉಲ್ಟಾ. ಟ್ರೇಲರ್ ಮೂತಿ ಗಾಡಿ ಬೆನ್ನ ಮೇಲೆ ಸ್ವಲ್ಪ ಭಾರ ಬಿಟ್ಕೊಂಡು ಕೂತಿರಬೇಕು. ಭಾರ ಹಿಂದೆ ಹೋಯ್ತೋ, ಅದು ಬಾಲ ಅಲ್ಲಾಡ್ಸೋಕೆ ಶುರು ಮಾಡುತ್ತೆ. ಆಮೇಲೆ ನಾಯಿ ಬಾಲ ಅಲ್ಲಾಡ್ಸಲ್ಲ, ಬಾಲಾನೇ ನಾಯೀನ ಅಲ್ಲಾಡ್ಸುತ್ತೆ."

"ಕೇಳಿಸ್ತಲ್ಲ?" ಎಂದು ಹೆಂಡತಿ ಗಂಡನ ಕಡೆ ತಿರುಗಿದಳು. "ಒಟ್ಟಿನಲ್ಲಿ ನಮ್ಮಲ್ಲೊಂದು ಎಮ್ಮೆ ಇದೆ, ಒಂದು ನಾಯಿ ಇದೆ. ಬೇಗ ಹೊರಡೋಣ."

ಊರಾಚೆ ಲಾರಿಗಳನ್ನು ತೂಗುವ ಕಾಟಾ ಇತ್ತು. ತಮ್ಮ ಅಲ್ಲಿ ಗಾಡಿಯನ್ನು ನಿಲ್ಲಿಸಿ, ಟ್ರೇಲರನ್ನು ನಿಲ್ಲಿಸಿ, ಎರಡನ್ನೂ ಸೇರಿಸಿ, ಮತ್ತೆ ಎಲ್ಲರನ್ನೂ ಒಳಗೆ ಕೂರಿಸಿ, ಹೀಗೆ ಹಿಂದೆ ಮುಂದೆ ಮಾಡುತ್ತಲೇ ಇದ್ದ. ಕಿಟಕಿಯೊಳಗೆ ಕೂತಿದ್ದ ಕಾಟಾದಾಕೆಗೆ ದೋಣಿ ನೋಡಿ ಖುಷಿಯೋ ಖುಷಿ. ಅಂಬಿಗನಿಗೆ ಮಾತ್ರ ಇದೆಲ್ಲ ಅತಿಯಾಯಿತು ಅನಿಸಿತು.

"ಅವನಿಗೆ ಹೇಳು. ದೋಣಿ ಕಟ್ಟಿದ ಬಡಗಿ ಎರಡು ಟನ್ ಅಂದಿದ್ದ. ಗಾಡಿ ಆರು ಟನ್ ಎಳೆಯುತ್ತೆ ಅಂತ ಬಾಗಿಲ ಹತ್ರಾನೇ ಬರೆದಿದೆ. ಇದರಲ್ಲಿ ತೂಗೋದೇನು ಬಂತು?"

"ಅತ್ತಿಗೆ, ಬಡಗಿ ಹೇಳಿದ್ದು ಒಣಗಿದ ಮರದ ತೂಕ. ಇಷ್ಟು ವರ್ಷ ಅದು ಕುಡಿದ ನೀರು ಎಲ್ಲಿ ಹೋಯ್ತು? ಟ್ರೇಲರ್ ಬಿಟ್ಟು ದೋಣಿ ಒಂದೇ ಮೂರೂವರೆ ತೂಗ್ತಾ ಇದೆ. ಇನ್ನು ಆರು ಟನ್ ಅಂತ ಕಂಪನಿಯವರು ಬರೆಯೋದು ಗಾಡೀಲಿ ಒಬ್ಬ ಡ್ರೈವರ್ ಬಿಟ್ಟು ಬೇರೇನೂ ಇಲ್ಲದಿದ್ದಾಗ. ಟ್ರೇಲರ್ ತೂಕಾನೂ ಆ ಆರರಲ್ಲೇ ಬಂತು. ಮೇಲೆ ನೀವಿಬ್ರು, ಡೀಸೆಲ್ಲು, ಹಿಂದೆ ಹಾಕಿರೋ ಹಗ್ಗ, ಜಾಕು, ನಿಮ್ಮ ಪಾತ್ರೆ ಚೀಲ, ಎಲ್ಲಾ ಕಳೀಬೇಕು."

"ಅಂದ್ರೆ ಕಂಪನಿ ಲೆಕ್ಕದಲ್ಲಿ ಡ್ರೈವರಿಗೆ ಹೆಂಡತಿನೂ ಇಲ್ಲ, ಗಂಟುಮೂಟೆನೂ ಇಲ್ಲ. ಒಳ್ಳೇ ಸನ್ಯಾಸಿ!" ಎಂದಳು ಆಕೆ. ಕಾಟಾದಾಕೆ ಕಿಟಕಿಯಿಂದ ಹೊರಗೆ ಬಾಗಿ ನಕ್ಕಳು.

"ಇಷ್ಟೆಲ್ಲ ಕಳೆದ ಮೇಲೆ ಉಳಿದಿರೋದು ಸ್ವಲ್ಪವೇ," ಎಂದ ತಮ್ಮ, ನಗದೆ. "ಎಳೆಯೋದು ದೊಡ್ಡ ವಿಷಯ ಅಲ್ಲ ಅತ್ತಿಗೆ. ಈ ಇಂಜಿನ್ನು ಬೇಕಾದ್ರೆ ಮನೇನೇ ಎಳೆಯುತ್ತೆ. ಘಟ್ಟ ಇಳಿಯುವಾಗ ಹಿಂದಿಂದ ನೂಕ್ಕೊಂಡು ಬರೋದನ್ನ ತಡೀಬೇಕಲ್ಲ, ಗಾಡಿ ತಾಕತ್ತು ಗೊತ್ತಾಗೋದು ಅಲ್ಲಿ. ಇನ್ಮೇಲೆ ಇದಕ್ಕೆ ಒಂದು ಚೊಂಬು ಸೇರಿಸೋದಿದ್ರೂ ನನ್ನ ಕೇಳಿ ಸೇರಿಸಬೇಕು ಅಂತ ಅಣ್ಣನಿಗೆ ಹೇಳಿ."

ಅಂಬಿಗ ಕೇಳದವನಂತೆ ಆಕಾಶ ನೋಡಿದ. ಆಕಾಶದಲ್ಲಿ ಮೋಡದ ಸುಳಿವೇ ಇರಲಿಲ್ಲ, ಬಿಸಿಲು ಏರುತ್ತಿತ್ತು. ಅವನ ತಲೆಯಲ್ಲಿದ್ದದ್ದು ಬೇರೆಯೇ ಚಿಂತೆ.

ಗಾಡಿ ಹೊರಟಿತು. ಅಂಬಿಗ ಹಿಂದಿನ ಸೀಟಿನಲ್ಲಿ ಒಬ್ಬನೇ ಕೂತಿದ್ದ. ತಿರುಗಿ ಹಿಂದಿನ ಗಾಜಿನಲ್ಲಿ ನೋಡಿದರೆ ದೋಣಿ ಬರುತ್ತಿತ್ತು. ಜೀವಮಾನವೆಲ್ಲ ಅವನು ಅದರೊಳಗೆ ನಿಂತು ಅದು ಹೋಗುವ ಕಡೆಗೆ ನೋಡಿದವನು. ಅದು ತನ್ನ ಕಡೆಗೇ ಮುಖ ಮಾಡಿಕೊಂಡು ತನ್ನ ಹಿಂದೆಯೇ ಬರುವುದನ್ನು ಇವತ್ತೇ ಕಂಡದ್ದು. ರಸ್ತೆ ಬೂದು ಬಣ್ಣದ ಹೊಳೆಯಾಗಿ ಅದರ ಕೆಳಗೆ ಹರಿಯುತ್ತಿತ್ತು. ಎರಡೂ ಕಡೆ ಹೊಲಗಳು, ಗೋದಾಮುಗಳು, ಒಗೆದ ಬಟ್ಟೆ ಹರವಿದ ಮಹಡಿಗಳು ದಡಗಳಂತೆ ನಿಧಾನವಾಗಿ ಹಿಂದೆ ಸರಿಯುತ್ತಿದ್ದವು. ಬಸ್ಸಿಗೆ ಕಾಯುತ್ತಿದ್ದ ಜನ ದೋಣಿ ನೋಡಿ ಕೈ ಎತ್ತುತ್ತಿದ್ದರು. ತಮಾಷೆಗೆ ಎತ್ತಿದ್ದು ಅಂತ ಅವನಿಗೂ ಗೊತ್ತು. ಆದರೂ ಪ್ರತಿ ಸಲವೂ ಅವನ ಕೈ ತಾನಾಗಿಯೇ ಹುಟ್ಟಿನ ಹಿಡಿಗಾಗಿ ತಡಕಾಡುತ್ತಿತ್ತು. ಇವರನ್ನು ಹತ್ತಿಸಿಕೊಳ್ಳದೆ ಹೋಗುತ್ತಿದ್ದೇನಲ್ಲ ಎಂದು ಒಳಗೊಳಗೇ ನೋಯುತ್ತಿತ್ತು.

ಹೊತ್ತೇರಿದಂತೆ ದೋಣಿಯ ಪಕ್ಕೆಯ ಹಸಿರು ಮಾಸಿ ಬೂದಿಯಾಯಿತು. ಪಾಚಿ ಒಣಗಿ ಗಾಳಿಗೆ ಉದುರತೊಡಗಿತು. ಅವನ ಚಿಂತೆ ಅದೇ. ಮರದ ದೋಣಿಗೆ ನೀರಿನ ಭಯವಿಲ್ಲ, ಬಿಸಿಲಿನ ಭಯ. ನೀರು ಕುಡಿದು ಉಬ್ಬಿದ ಹಲಗೆಗಳು ಒಂದನ್ನೊಂದು ಒತ್ತಿ ಹಿಡಿದಿರುತ್ತವೆ. ಒಣಗಿದರೆ ಸೊರಗಿ ಸಂದು ಬಿಡುತ್ತವೆ. ಹೊಸ ದೋಣಿಯಾದರೆ ಮತ್ತೆ ನೀರಿಗಿಳಿಸಿದಾಗ ಕೂಡಿಕೊಳ್ಳುತ್ತದೆ. ಇಷ್ಟು ಹಳೆಯದು ಒಮ್ಮೆ ಬಾಯಿ ಬಿಟ್ಟರೆ ಮುಚ್ಚುತ್ತದೆ ಎಂದು ಯಾರೂ ಮಾತು ಕೊಡಲಾರರು. ಅದಕ್ಕೇ ಅಂಬಿಗರು ದಡದಲ್ಲಿ ನಿಲ್ಲಿಸಿದ ದೋಣಿಯೊಳಗೂ ಒಂದಿಷ್ಟು ನೀರು ಬಿಟ್ಟಿರುತ್ತಾರೆ. ಇದನ್ನು ತಮ್ಮನಿಗೆ ಹೇಳೋಣವೆಂದರೆ ಹೆಂಡತಿಯ ಮೂಲಕ ಹೋಗಬೇಕು, ಅವಳು ಒಗ್ಗರಣೆ ಹಾಕುತ್ತಾಳೆ, ಅವನು ಕಾಟಾದ ಪಾಠ ಮತ್ತೆ ಒಪ್ಪಿಸುತ್ತಾನೆ. ಅಂಬಿಗ ಸುಮ್ಮನೆ ಕೂತ.

ಮಧ್ಯಾಹ್ನ ಘಟ್ಟದ ಬುಡದಲ್ಲಿ, ಲಾರಿ ತೊಳೆಯುವ ಒಂದು ಅಂಗಳದ ಪಕ್ಕ ನಿಲ್ಲಿಸಿದರು. ಊಟವಾಯಿತು. ತಮ್ಮ ಮರದ ನೆರಳಿನಲ್ಲಿ ಟವೆಲ್ ಹಾಸಿ ಮಲಗಿದ. ಹೆಂಡತಿ ಪಕ್ಕದ ಅಂಗಡಿಯಾಕೆಯ ಜೊತೆ ಮಾತಿಗೆ ಕೂತಳು, ಅಂದರೆ ಸದ್ಯಕ್ಕೆ ಏಳುವವಳಲ್ಲ. ಅಂಗಳದ ನಲ್ಲಿಗೆ ಸಿಕ್ಕಿಸಿದ ರಬ್ಬರ್ ಪೈಪು ಯಾರಿಗೂ ಬೇಡವಾಗಿ ಬಿದ್ದುಕೊಂಡಿತ್ತು.

ಅಂಬಿಗ ಅದನ್ನು ಎತ್ತಿಕೊಂಡು ದೋಣಿ ಹತ್ತಿದ. ಕಾಲಿಡುವ ಅಡ್ಡಹಲಗೆಯೊಂದನ್ನು ಸರಿಸಿ ಪೈಪಿನ ಬಾಯಿಯನ್ನು ತಳಕ್ಕೆ ಬಿಟ್ಟ. ಒಂದು ಗುಟುಕು, ನಾಲಿಗೆ ಒದ್ದೆಯಾಗುವಷ್ಟು, ಅಷ್ಟೇ ಎಂದು ದೋಣಿಗೂ ತನಗೂ ಸೇರಿಸಿ ಹೇಳಿಕೊಂಡ. ತಣ್ಣನೆಯ ನೀರು ಒಣಮರಕ್ಕೆ ತಾಕಿದ್ದೇ ಒಳಗಿಂದ ಹಳೆಯ ವಾಸನೆ ಎದ್ದಿತು. ಹೊಳೆಯ ವಾಸನೆ. ಅವನು ಟ್ರಂಕಿಗೆ ಒರಗಿ ಕೂತು ಹಲಗೆಯ ಕೆಳಗೆ ನೀರು ಓಡಾಡುವ ಸದ್ದನ್ನು ಕೇಳಿದ. ದಡದಲ್ಲಿ ಯಾರೋ "ಓ ಅಂಬಿಗಾ" ಎಂದು ಕೂಗಿದರು. ಮಂಜಿನೊಳಗೆ ಲಾಟೀನು ಹಿಡಿದ ಕೈ ಕಾಣಿಸಿತು. ಅವನು ದೋಣಿ ತಿರುಗಿಸಿದ, ಎಷ್ಟು ಹುಟ್ಟು ಹಾಕಿದರೂ ದಡ ಹತ್ತಿರ ಬರಲಿಲ್ಲ, ಆದರೂ ಅವನಿಗೆ ಆತುರವೇ ಇರಲಿಲ್ಲ. ಲಾಟೀನು ಹಿಡಿದವನು ಚಿಕ್ಕ ಹುಡುಗನಾಗಿದ್ದ ತಮ್ಮನ ಹಾಗೆಯೇ ಕಾಣುತ್ತಿದ್ದ.

"ರೀ! ಹೊರಡೋಣ ಅಂತಿದಾನೆ, ಎಲ್ಲಿದೀರಿ?"

ಅಂಬಿಗ ದಡಬಡಿಸಿ ಎದ್ದ. ನೀರು ಅಡ್ಡಹಲಗೆಯ ಅಂಚಿಗೆ ಬಂದು ಮುಟ್ಟಿತ್ತು. ಎಷ್ಟು ಹೊತ್ತು ಹರಿದಿತ್ತೋ ದೇವರಿಗೇ ಗೊತ್ತು. ತಳದ ಬಿರಡೆ ಎಳೆದು ಬಿಟ್ಟುಬಿಡಲೇ ಎಂದು ಒಂದು ಕ್ಷಣ ಯೋಚಿಸಿದ. ಅಂಗಳದ ತುಂಬಾ ನೀರಾಗುತ್ತದೆ, ತಮ್ಮನಿಗೆ ಗೊತ್ತಾಗುತ್ತದೆ, ಅವನೆದುರು ಕಳ್ಳನ ಹಾಗೆ ನಿಲ್ಲಬೇಕಾಗುತ್ತದೆ. ಮಾನ ಎಂಬುದು ಎಂಥ ಹೊತ್ತಿನಲ್ಲಿ ಅಡ್ಡ ಬರುತ್ತದೆ ನೋಡಿ. ಅವನು ಹಲಗೆ ಮುಚ್ಚಿ, ತಾಡಪಾಲು ಎಳೆದು, ಪೈಪು ಬಿಸಾಡಿ ಇಳಿದು ಬಂದ.

"ಯಾಕೋ ಭಾರ ಅನಿಸ್ತಿದೆಯಲ್ಲ," ಎಂದ ತಮ್ಮ, ಗಾಡಿ ಎತ್ತುವಾಗ.

"ನಾನು ಊಟ ಮಾಡಿದೆನಲ್ಲಪ್ಪ, ಅದನ್ನೂ ಕಳಿ," ಎಂದಳು ಅತ್ತಿಗೆ. ತಮ್ಮ ನಕ್ಕುಬಿಟ್ಟ. ಅಂಬಿಗ ಹಿಂದಿನ ಗಾಜಿನ ಕಡೆಗೆ ತಿರುಗಿ ಕೂತ.

ಏರು ಹತ್ತುವಾಗ ಏನೂ ಆಗಲಿಲ್ಲ, ಅಥವಾ ಆಗದಂತೆ ಕಂಡಿತು. ತಮ್ಮ ಮಾತ್ರ ಎರಡು ಮೂರು ಸಲ ಕನ್ನಡಿ ನೋಡಿ, ಗಾಡಿಯ ಹಿಂಭಾಗ ಯಾಕೋ ಹಗುರಾದ ಹಾಗಿದೆ ಎಂದು ಗೊಣಗಿದ. ನೀರೆಲ್ಲ ದೋಣಿಯ ಹಿಂತುದಿಗೆ ಸರಿದು ಕೂತಿದೆ ಎಂದು ಅಂಬಿಗನಿಗೆ ಅರ್ಥವಾಗಿತ್ತು. ನೆತ್ತಿ ದಾಟಿತು. ದೂರದ ತಗ್ಗಿನಲ್ಲಿ ಸರೋವರ ಒಂದು ಮಬ್ಬು ಹೊಳಪಾಗಿ ಕಾಣಿಸಿತು, ಕನಸಿನಲ್ಲಿ ಕಂಡದ್ದೋ ಎನ್ನುವಷ್ಟು ಹಗುರಾಗಿ. ಹೆಂಡತಿ "ಅಗೋ" ಎಂದಳು. ಅಷ್ಟರಲ್ಲಿ ಮೊದಲ ತಿರುವು ಬಂತು.

ತಮ್ಮ ಬ್ರೇಕು ಮುಟ್ಟಿದ. ಹಿಂದಿನಿಂದ ಯಾರೋ ಹೆಗಲು ಕೊಟ್ಟು ನೂಕಿದಂತಾಯಿತು. ಬ್ರೇಕು ಬಿಟ್ಟ. ನೂಕಿದ್ದು ಹಿಂದಕ್ಕೆ ಹೋಗಿ, ಒಂದು ಉಸಿರಿನ ಹೊತ್ತು ತಡೆದು, ಮತ್ತೆ ಬಂತು. ಎರಡನೆಯ ತಿರುವಿನಲ್ಲಿ ದೋಣಿ ಎಡಕ್ಕೆ ವಾಲಿತು, ಆಮೇಲೆ ಬಲಕ್ಕೆ. ಗಾಜಿನಾಚೆ ಅದರ ಮೂತಿ ಬೇಡ ಬೇಡ ಎಂದು ತಲೆಯಾಡಿಸತೊಡಗಿತು. ಒಂದು ಕಡೆ ಗೋಡೆಯಂಥ ಗುಡ್ಡ, ಇನ್ನೊಂದು ಕಡೆ ಬರೀ ಗಾಳಿ. ಸುಟ್ಟ ವಾಸನೆ ಒಳಗೆ ಬಂತು.

"ಅತ್ತಿಗೆ, ಬೆಲ್ಟ್ ಗಟ್ಟಿಯಾಗಿದೆಯಾ ನೋಡಿ," ಎಂದ ತಮ್ಮ. ದನಿ ಸಮಾಧಾನವಾಗಿತ್ತು, ಕತ್ತಿನಲ್ಲಿ ಬೆವರು ಇಳಿಯುತ್ತಿತ್ತು. "ಏನಾಗ್ತಿದೆ ಅಂತ ತಿಳೀತಿಲ್ಲ. ನಾನು ಕಟ್ಟಿದ್ದು ಕಟ್ಟಿದ ಕಡೆನೇ ಇದೆ. ಭಾರ ಮಾತ್ರ ಒಂದು ಕಡೆ ನಿಲ್ತಿಲ್ಲ."

ಅಂಬಿಗ ಬಾಯಿ ತೆರೆದ. "ಅವನಿಗೆ ಹೇಳು..." ಎಂದು ಶುರುಮಾಡಿದ. ಹೆಂಡತಿ ತಿರುಗಿದಳು. ಅವಳ ಮುಖ ಸುಣ್ಣವಾಗಿತ್ತು. ಅವಳು ಕೇಳಿ, ಅವಳು ಹೇಳಿ, ಅವನು ತಿಳಿಯುವಷ್ಟರಲ್ಲಿ ಮುಂದಿನ ತಿರುವು ಬಂದುಬಿಡುತ್ತಿತ್ತು.

"ತಮ್ಮಾ!" ಎಂದು ಕೂಗಿದ ಅಂಬಿಗ. "ನೀರಿದೆ ಕಣೋ! ದೋಣೀಲಿ ನಾನೇ ನೀರು ತುಂಬಿಸ್ಬಿಟ್ಟಿದೀನಿ!"

ತಮ್ಮ ತಿರುಗಲಿಲ್ಲ. "ಎಷ್ಟು?"

"ಗೊತ್ತಿಲ್ಲ ಕಣೋ. ನಿದ್ದೆ ಬಂದ್ಬಿಡ್ತು."

"ಸರಿ," ಎಂದ ತಮ್ಮ. ಏನು ಅಂತ ತಿಳಿಯಿತಲ್ಲ, ಅಷ್ಟಕ್ಕೇ ಅವನ ಭುಜ ಸ್ವಲ್ಪ ಇಳಿಯಿತು. ಗೇರು ಇಳಿಸಿದ, ಇಂಜಿನ್ನು ಗೊರಗೊರ ಎಂದಿತು. ಟ್ರೇಲರಿನ ಬ್ರೇಕಿಗೆಂದೇ ಬೇರೆಯಾಗಿದ್ದ ಸಣ್ಣ ಹಿಡಿಯ ಮೇಲೆ ಬೆರಳಿಟ್ಟ. "ಕಾಲಲ್ಲಿ ಜೋರಾಗಿ ಒತ್ತಿದ್ರೆ ನೂಕಿ ಆಚೆ ಹಾಕುತ್ತೆ. ಇದರಲ್ಲಿ ಹಿಂದಿನ ಚಕ್ರ ಮಾತ್ರ ಹಿಡಿದು ನೇರ ಮಾಡಬೇಕು. ಯಾವಾಗ ಹಿಡೀಲಿ, ಅದು ಗೊತ್ತಾಗಬೇಕು. ಅಣ್ಣಾ, ನೀರು ಯಾವ ಕಡೆ ಇದೆ?"

ಅಂಬಿಗ ಗಾಜಿಗೆ ಹಣೆ ಒತ್ತಿ ದೋಣಿಯನ್ನು ನೋಡಿದ. ಕಣ್ಣಿಗಿಂತ ಅವನ ಅಂಗಾಲಿಗೆ ಅದು ಗೊತ್ತಿತ್ತು. ದೋಣಿಯೊಳಗಿನ ನೀರು ಒಂದು ಪಕ್ಕೆಯಿಂದ ಇನ್ನೊಂದು ಪಕ್ಕೆಗೆ ಹೋಗಲು ಎಷ್ಟು ಹೊತ್ತು ಹಿಡಿಯುತ್ತದೆ, ಎಲ್ಲಿ ತಡೆದು ನಿಲ್ಲುತ್ತದೆ, ಯಾವಾಗ ಮನಸ್ಸು ಬದಲಿಸುತ್ತದೆ, ಇದನ್ನು ಅವನು ನಿದ್ದೆಯಲ್ಲೂ ಹೇಳಬಲ್ಲ.

"ಎಡಕ್ಕೆ ಹೋಗ್ತಿದೆ... ತಾಳು... ಈಗ ನಿಂತಿತು, ಹಿಡಿ! ಬಿಡು. ಬಲಕ್ಕೆ ಬರ್ತಿದೆ, ಬರಲಿ, ಬರಲಿ... ಹಿಡಿ!"

ಹಿಡಿ ಎಂದಾಗ ತಮ್ಮ ಹಿಡಿದ, ಬಿಡು ಎಂದಾಗ ಬಿಟ್ಟ. ದೋಣಿಯ ತಲೆಯಾಟ ಒಂದೊಂದೇ ಬೆರಳು ಕಡಿಮೆಯಾಯಿತು. ಹೆಂಡತಿ ಕಣ್ಣು ಮುಚ್ಚಿಕೊಂಡು, ಇಬ್ಬರ ದನಿಯೂ ನೇರವಾಗಿ ಒಬ್ಬರಿಂದೊಬ್ಬರಿಗೆ ತನ್ನ ತಲೆಯ ಮೇಲಿಂದ ದಾಟಿ ಹೋಗುವುದನ್ನು ಕೇಳುತ್ತಾ ಕೂತಿದ್ದಳು. ಗುಡ್ಡದ ಮಗ್ಗುಲಲ್ಲಿ ಜಲ್ಲಿ ಸುರಿದ ಒಂದು ಅಗಲವಾದ ಜಾಗ ಸಿಕ್ಕಿತು. ಗಾಡಿ ಅಲ್ಲಿಗೆ ತೆವಳಿ, ಒಮ್ಮೆ ನಡುಗಿ, ನಿಂತಿತು.

ಯಾರೂ ಏಳಲಿಲ್ಲ. ಚಕ್ರಗಳಿಂದ ಹೊಗೆ ಮೇಲೇಳುತ್ತಿತ್ತು. ಒಳಗೆ ದೋಣಿಯ ನೀರು ಇನ್ನೂ ಹೋಗಿ ಬಂದು ಮಾಡುವ ಸದ್ದು ಕೇಳುತ್ತಿತ್ತು.

"ಇನ್ನು ನನ್ನ ಕೆಲಸ ಹೋಯ್ತು ಅಂತಾಯ್ತು," ಎಂದಳು ಹೆಂಡತಿ. ನಗಲು ಹೋಗಿ ಅತ್ತಳು.

ತಮ್ಮ ಇಳಿದು ಚಕ್ರಗಳಿಗೆ ಕಲ್ಲು ಕೊಟ್ಟ. ಬೈಗುಳಕ್ಕೆ ತಲೆ ಕೊಡಲು ಅಂಬಿಗ ಸಿದ್ಧನಾಗಿ ನಿಂತಿದ್ದ. ಬೈಗುಳ ಬರಲಿಲ್ಲ.

"ಒಣಗಿ ಬಾಯಿ ಬಿಡುತ್ತೆ ಅಂತ ತಾನೆ ಹಾಕಿದ್ದು?" ಎಂದ ತಮ್ಮ. "ಬ್ರೇಕು ತಣ್ಣಗಾಗಲಿ. ನೀರು ತೆಗೀಬೇಡ, ಇರಲಿ. ನೀವಿಬ್ರೂ ಇಲ್ಲೇ ಉಳ್ಕೊಳ್ಳಿ, ಯಾವುದಾದ್ರೂ ಬಸ್ಸಲ್ಲಿ ಬನ್ನಿ. ನಾನೊಬ್ಬನೇ ನಿಧಾನಕ್ಕೆ ಇಳಿಸ್ತೀನಿ. ಹೇಗಿರುತ್ತೆ ಅಂತ ಈಗ ಗೊತ್ತಾಯ್ತಲ್ಲ."

ಅಂಬಿಗ ಕೆಳಗಿನ ತಿರುವುಗಳನ್ನು ನೋಡಿದ. ತಮ್ಮ ಆಗಲೇ ಬಾಗಿಲ ಹಿಡಿಯ ಮೇಲೆ ಕೈ ಇಟ್ಟಿದ್ದ. ಈ ಇಳಿಜಾರಿನಲ್ಲಿ, ಆ ಭಾರ ಬೆನ್ನಿಗೆ ಕಟ್ಟಿಕೊಂಡು, ಒಬ್ಬನೇ ಹೋಗಲು ಹೊರಟಿದ್ದಾನೆ. ದೋಣಿಯೊಂದೇ ತನ್ನದು, ಬೇರೆ ಏನೂ ಇಲ್ಲ ಎಂದು ಇಷ್ಟು ಕಾಲ ಹೇಳಿಕೊಂಡು ಬಂದ ತನ್ನ ಬಗ್ಗೆ ಅವನಿಗೆ ನಾಚಿಕೆಯಾಯಿತು.

ಅವನು ಹಿಂದೆ ಹೋಗಿ, ದೋಣಿಯ ಬುಡಕ್ಕೆ ಬಗ್ಗಿ, ಬಿರಡೆ ಎಳೆದುಬಿಟ್ಟ.

"ಅಣ್ಣಾ! ಅಷ್ಟು ಹಳೇ ದೋಣಿ..."

"ಹೋಗ್ಲಿ ಬಿಡೋ," ಎಂದ ಅಂಬಿಗ. "ನೀನಿದ್ರೆ ಸಾಕು."

ನೀರು ಬುಳುಬುಳು ಎಂದು ಹೊರಬಿದ್ದು, ಜಲ್ಲಿ ದಾಟಿ, ಡಾಂಬರಿನ ಮೇಲೆ ಅಗಲವಾಗಿ ಹರಡಿ, ಬಿಸಿಲಿಗೆ ಹೊಳೆಯುತ್ತಾ ಘಟ್ಟ ಇಳಿಯಿತು. ಮೂವರೂ ನಿಂತು ನೋಡಿದರು. ಅದು ತಿರುವಿನಲ್ಲಿ ತಿರುಗಿ, ಅವರಿಗಿಂತ ಮೊದಲೇ ಸರೋವರದ ಕಡೆಗೆ ಹೋಯಿತು.

ಸಂಜೆಗೆ ದಡ ಸೇರುವಷ್ಟರಲ್ಲಿ ದೋಣಿ ಬಾಯಿ ಬಿಟ್ಟಿತ್ತು. ಒಳಗೆ ಕೂತರೆ ಹಲಗೆಗಳ ಸಂದಿಯಿಂದ ಬೆಳಕಿನ ಗೆರೆಗಳು ಕಾಣುತ್ತಿದ್ದವು. ಇನ್ನು ಉಳಿದ ದಾರಿ ಒಂದೇ: ಅದನ್ನು ಆಳವಿಲ್ಲದ ನೀರಿನಲ್ಲಿ ಬೇಕೆಂದೇ ಮುಳುಗಿಸಿ, ಕಲ್ಲು ಹೇರಿ, ಕುಡಿಯುವಷ್ಟು ಕುಡಿಯಲು ಬಿಡುವುದು. ಆಮೇಲೆ ಅದರ ಇಷ್ಟ. ತಮ್ಮ ಗಾಡಿಯನ್ನು ಹಿಂದಕ್ಕೆ ಬಿಟ್ಟ. ಹಿಂದಿನ ಚಕ್ರಗಳು ನೀರು ಮುಟ್ಟಿದಾಗ ಅವನ ತುಟಿ ಬಿಗಿಯಿತು. ಆದರೂ ದೋಣಿ ಜಾರಿದ ಮೇಲೆ ಅದರ ಅಂಚು ಹಿಡಿದು ಸೊಂಟದವರೆಗೆ ಅವನೂ ಇಳಿದ. ಕಲ್ಲು ಎತ್ತಿಕೊಡಲು ಇನ್ನೊಬ್ಬರು ಬೇಕಿತ್ತಲ್ಲ.

ದೋಣಿ ತುಂಬುತ್ತಾ ತುಂಬುತ್ತಾ ಕೆಳಗೆ ಹೋಯಿತು. ಅಂಚಿನ ಮರ ಒಂದು ನೀಳವಾದ ಕಣ್ಣಿನಂತೆ ನೀರಿನ ಮೇಲೆ ಉಳಿಯಿತು. ಇಬ್ಬರೂ ಅದರ ಆಚೆ ಈಚೆ ನಿಂತಿದ್ದರು. ಸರೋವರ ಅಲುಗುತ್ತಿರಲಿಲ್ಲ, ಸಂಜೆಯ ಬಣ್ಣವೆಲ್ಲ ಅದರಲ್ಲಿ ಕರಗಿ, ಆಕಾಶ ಯಾವುದು ನೀರು ಯಾವುದು ತಿಳಿಯದಂತಾಗಿತ್ತು.

"ನಿನಗೆ ನೀರು ಅಂದ್ರೆ ಹೆದರಿಕೆ," ಎಂದ ಅಂಬಿಗ.

"ನನಗಾಗಿ ಅಲ್ಲ," ಎಂದ ತಮ್ಮ. "ನೆರೆ ಬಂದಾಗಲೂ ನೀನು ಹೋಗ್ತಿದ್ದೆ. ಆಚೆ ದಡದಲ್ಲಿ ಯಾರೋ ಕೂಗಿದ್ರೆ ಸಾಕು, ಅತ್ತಿಗೆ ಅಳ್ತಾ ಇದ್ರೂ ಹೋಗ್ತಿದ್ದೆ. ನಾನು ದಡದಲ್ಲಿ ಲಾಟೀನು ಹಿಡ್ಕೊಂಡು ನಿಂತಿರ್ತಿದ್ದೆ. ಓಡಿಹೋದ ಮೇಲೂ ಮಳೆ ಜೋರಾದ ದಿನ ಎಲ್ಲಿದ್ರೂ ನನಗೆ ನಿದ್ದೆ ಬರ್ತಿರಲಿಲ್ಲ. ಸೇತುವೆ ಅಂದಾಗ, ಕಬ್ಬಿಣ ಹೊರೋರು ಬೇಕು ಅಂದ್ರು. ನಾನೇ ಮೊದಲು ಹೋಗಿ ಹೆಸರು ಕೊಟ್ಟೆ. ಬೇಗ ಆಗ್ಲಿ ಅಂತ."

ಅಂಬಿಗ ದೋಣಿಯ ಅಂಚನ್ನು ಎರಡು ಕೈಯಲ್ಲೂ ಹಿಡಿದುಕೊಂಡ. "ಇಷ್ಟು ದಿನ ಯಾಕೋ ಹೇಳ್ಲಿಲ್ಲ?"

"ಅತ್ತಿಗೆ ಮೂಲಕ ಹೇಳೋ ಮಾತಾ ಅದು?"

ಅಂಬಿಗನಿಗೆ ಅಳು ಬಂತು. ಮುಖಕ್ಕೆ ನೀರೆರಚಿಕೊಂಡು ಅದನ್ನು ಮುಚ್ಚಿದ.

ತಮ್ಮ ಹೋಗಲಿಲ್ಲ. ಫೋನು ಬಂದಾಗಲೆಲ್ಲ "ಗಾಡಿ ರಿಪೇರಿ" ಎಂದು ಹೇಳುತ್ತಾ ಅಲ್ಲೇ ಉಳಿದ. ಅತ್ತಿಗೆ ದಡದ ಖಾಲಿ ಮನೆಯನ್ನು ಗುಡಿಸಿ ಒಲೆ ಹೂಡಿದಳು. ಬೆಳಗಿನ ಮಂಜು ನೀರಿನ ಮೇಲೆ ನಡೆದಾಡುತ್ತಿತ್ತು, ಸಂಜೆ ಆಸ್ಪತ್ರೆಯ ದೀಪಗಳು ಆಚೆ ದಡದಿಂದ ಈಚೆಯವರೆಗೂ ಉದ್ದವಾಗಿ ಚಾಚಿಕೊಳ್ಳುತ್ತಿದ್ದವು. ದೋಣಿ ನೀರಿನಡಿಯಲ್ಲಿ ಮಲಗಿ ಕುಡಿಯುತ್ತ ಇತ್ತು. ಆಸ್ಪತ್ರೆಯವರು ಒಬ್ಬರು ಬಂದು, ಮುಳುಗಿದ ದೋಣಿ ನೋಡಿ, ಗಡ್ಡ ಸವರಿಕೊಂಡು, ವಾರದೊಳಗೆ ತೇಲದಿದ್ದರೆ ಕ್ಷಮಿಸಬೇಕು ಎಂದು ಹೇಳಿ ಹೋದರು.

ವಾರ ತುಂಬುವ ಬೆಳಿಗ್ಗೆ ಕಲ್ಲುಗಳನ್ನು ತೆಗೆದರು. ಅಣ್ಣ ಬಕೆಟ್ಟಿನಲ್ಲಿ, ತಮ್ಮ ಹಳೆಯ ಡಬ್ಬದಲ್ಲಿ ನೀರು ಮೊಗೆದು ಹೊರಚೆಲ್ಲಿದರು. ದೋಣಿ ಸೋಮಾರಿಯಂತೆ ಒಂದು ಮಗ್ಗುಲಾಗಿ, ಮತ್ತೆ ಸರಿಯಾಗಿ, ಮೇಲೆದ್ದಿತು. ಕೊನೆಯ ಡಬ್ಬವೂ ಖಾಲಿಯಾದ ಮೇಲೆ ಅಂಬಿಗ ಒಳಗೆ ಮಂಡಿಯೂರಿ, ಸಂದಿ ಸಂದಿಗೂ ಅಂಗೈ ಇಟ್ಟು, ತುದಿಯಿಂದ ತುದಿಯವರೆಗೆ ಸವರುತ್ತಾ ಹೋದ. ತುಂಬಾ ಹೊತ್ತು ಸವರಿದ. ದಡದಲ್ಲಿ ಹೆಂಡತಿ ಸೆರಗು ಬಾಯಿಗೆ ಒತ್ತಿ ನಿಂತಿದ್ದಳು. ತಮ್ಮ ನೀರಿನಲ್ಲಿ ನಿಂತು ದೋಣಿ ಹಿಡಿದಿದ್ದ. ಅವನ ಜೇಬಿನಲ್ಲಿ ಗಾಡಿಯ ಕೀಲಿ ಆಗಲೇ ಇತ್ತು, ದೋಣಿ ತೇಲಿದರೆ ಅವನು ಹೊರಡುವವನು.

ಒಂದು ಹನಿಯೂ ಒಳಗೆ ಬರುತ್ತಿರಲಿಲ್ಲ. ಹಲಗೆಗಳು ಮೊದಲಿಗಿಂತ ಬಿಗಿಯಾಗಿ ಕೂಡಿಕೊಂಡಿದ್ದವು.

ಅಂಬಿಗ ತಲೆ ಎತ್ತಿದ. ಮುಖ ಗಂಭೀರವಾಗಿತ್ತು.

"ಸೋರ್ತಿದೆ ಕಣೋ," ಎಂದ.

"ಎಷ್ಟು?"

"ಸ್ವಲ್ಪ. ಆದ್ರೆ ಒಬ್ಬ ಹುಟ್ಟು ಹಾಕ್ತಿದ್ರೆ ಇನ್ನೊಬ್ಬ ಕೂತು ಮೊಗೀತಾ ಇರಬೇಕು. ನನ್ನೊಬ್ಬನ ಕೈಲಿ ಆಗಲ್ಲ."

ತಮ್ಮ ಒದ್ದೆ ಬಟ್ಟೆಯಲ್ಲೇ ದೋಣಿ ಹತ್ತಿದ. ಅಣ್ಣನ ಪಕ್ಕ ಮಂಡಿಯೂರಿ, ಅವನ ಅಂಗೈ ಇದ್ದ ಕಡೆಯೇ ತನ್ನ ಅಂಗೈ ಇಟ್ಟ. ಸಂದಿಯ ಉದ್ದಕ್ಕೂ ನಿಧಾನವಾಗಿ ಸವರಿದ.

"ಹೌದಣ್ಣ," ಎಂದ. "ಚೆನ್ನಾಗೇ ಸೋರ್ತಿದೆ."

ಡಬ್ಬ ಕೈಗೆ ತೆಗೆದುಕೊಂಡು ಅಡ್ಡಹಲಗೆಯ ಮೇಲೆ ಕೂತ.